ಖಾಲಿ ಎಂದುಕೊಂಡ ಆಕಾಶ

ಜಲಜನಕವನ್ನು ನೋಡಲು ಕತ್ತಲಾಗಬೇಕಿಲ್ಲ. ಈ ಮಾತನ್ನು ನಮ್ಮ ಕಡೆಯವರಿಗೆ ಮನವರಿಕೆ ಮಾಡಲು ನನ್ನಿಂದ ಕೊನೆಗೂ ಆಗಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಸೇರಿದಾಗ ಕೊರಟಗೆರೆಯಲ್ಲಿದ್ದ ಭಾವ ತಮ್ಮ ಬಟ್ಟೆ ಅಂಗಡಿಗೆ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. "ಇವ್ನು ನಮ್ಮ ಬಾಮೈದ. ಆಕಾಶ ನೋಡೋ ಕೆಲ್ಸ. ಅದೂ ಹಗಲೊತ್ತೇ ನೋಡ್ತಾನಂತೆ ಕಣ್ರಪ್ಪ! ನಿದ್ದೆ ಕೆಡಂಗಿಲ್ಲ, ಸಂಬ್ಳ ತಪ್ಪಂಗಿಲ್ಲ." ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ನೋಡುತ್ತಿದ್ದುದು ನಕ್ಷತ್ರಗಳನ್ನಲ್ಲ. ಅವುಗಳ ನಡುವೆ, ಅವುಗಳಿಂದಾಚೆಗೂ ಹರಡಿಕೊಂಡಿರುವ ತಣ್ಣನೆಯ ಜಲಜನಕವನ್ನು. ಅದು ಯಾವ ಕಣ್ಣಿಗೂ ಕಾಣುವುದಿಲ್ಲ. ಇಪ್ಪತ್ತೊಂದು ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯೊಂದನ್ನು ಹೊರಗೆ ಬಿಡುತ್ತದೆ, ಅದೂ ಒಂದೊಂದು ಪರಮಾಣು ಸರಾಸರಿ ಕೋಟಿ ವರ್ಷಕ್ಕೊಂದು ಸಲ. ಪರಮಾಣುಗಳು ಎಣಿಕೆಗೆ ಸಿಗದಷ್ಟಿರುವುದರಿಂದ ಯಾವುದೋ ಒಂದು ಸದಾ ಬಾಯಿಬಿಡುತ್ತಿರುತ್ತದೆ. ಆ ಗುಣುಗುಟ್ಟುವಿಕೆ ಹಗಲಿನಲ್ಲೂ ಕೇಳುತ್ತದೆ.

ನಮ್ಮ ಗುಂಪು ಕೆಲಸ ಮಾಡುತ್ತಿದ್ದುದು ಕುಬ್ಜ ಗೆಲಾಕ್ಸಿಗಳ ಮೇಲೆ. ದೊಡ್ಡ ಗೆಲಾಕ್ಸಿಗಳ ಪಕ್ಕದಲ್ಲಿ ಇವು ಊರಾಚೆಯ ಗುಡಿಸಲಿನ ಹಾಗೆ. ನಕ್ಷತ್ರಗಳು ಕಡಿಮೆ, ಬೆಳಕು ಮಂದ. ಆದರೆ ಅನಿಲ ಮಾತ್ರ ನಕ್ಷತ್ರಗಳಿರುವ ಜಾಗವನ್ನು ಮೀರಿ ಬಹಳ ದೂರದವರೆಗೆ ಚಾಚಿಕೊಂಡಿರುತ್ತದೆ. ಹಿಡಿತ ಸಡಿಲ. ದೊಡ್ಡದೊಂದು ಗೆಲಾಕ್ಸಿ ಹತ್ತಿರ ಹಾದುಹೋದರೆ ಒಳಗಿನ ನಕ್ಷತ್ರಗಳು ಅಷ್ಟಾಗಿ ಕದಲುವುದಿಲ್ಲ. ಹೊರಗಿನ ಅನಿಲ ಮಾತ್ರ ಒಂದು ಕಡೆಗೆ ಎಳೆದುಹೋಗಿ ಬಾಲದಂತೆ ಉಳಿಯುತ್ತದೆ. ಬೆಳಕಿನ ಚಿತ್ರದಲ್ಲಿ ಏನೂ ನಡೆದಿಲ್ಲವೆಂಬಂತೆ ಕಾಣುವ ಗೆಲಾಕ್ಸಿಯೊಂದಕ್ಕೆ ಹಿಂದೊಮ್ಮೆ ಯಾರೋ ತೀರ ಹತ್ತಿರ ಬಂದು ಹೋಗಿದ್ದರು ಎಂದು ಹೇಳುವುದು ಆ ಬಾಲವೊಂದೇ.

ಇದು ನನಗೆ ಹೊಸ ವಿಚಾರವೇನೂ ಆಗಿರಲಿಲ್ಲ. ನಮ್ಮ ಊರು ಸಿರಾ ತಾಲ್ಲೂಕಿನ ಹುಲಿಕುಂಟೆ ಕಡೆ. ಅಪ್ಪ ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದ, ಜೊತೆಗೆ ಮಳೆ ನಂಬಿದ ಒಂದಿಷ್ಟು ಬೆದ್ದಲು ಹೊಲವಿತ್ತು. ಕುಯ್ಲು ಮುಗಿದ ಮೇಲೆ ಪಾವಗಡದ ಕಡೆಯಿಂದ ಕುರಿಯವರು ಬಂದು ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದರು. ಹಗಲೆಲ್ಲ ಗುಡ್ಡದಲ್ಲಿ ಮೇದ ಕುರಿಗಳು ರಾತ್ರಿ ಹೊಲದಲ್ಲಿ ಮಲಗಿದರೆ ನಮಗೆ ಗೊಬ್ಬರ, ಅವರಿಗೆ ನಮ್ಮ ಮನೆಯ ರಾಗಿ. ಒಂದು ದಿನ ಬೆಳಗ್ಗೆ ನೋಡಿದರೆ ಹೊಲ ಬರಿದಾಗಿರುತ್ತಿತ್ತು. ಆದರೆ ಮುಂದಿನ ಮಳೆಗೆ ರಾಗಿ ಎದ್ದಾಗ ಊರ ಹಿಂದಿನ ಬಂಡೆ ಹತ್ತಿ ನೋಡಿದರೆ, ಮಂದೆ ಮಲಗಿದ್ದ ಜಾಗವಷ್ಟೇ ಕಪ್ಪು ಹಸಿರಾಗಿ ಬೇರೆಯಾಗಿ ಕಾಣುತ್ತಿತ್ತು.

ಆ ಕುರಿಯವರಲ್ಲಿ ಒಬ್ಬನ ಕೂಸು ಒಂದು ವರ್ಷ ನಮ್ಮ ಮನೆಯಲ್ಲಿ ಬೆಳೆಯಿತು ಎಂಬುದು ನನ್ನ ನೆನಪು. ಅಂಥ ಕೂಸೇ ಇರಲಿಲ್ಲ ಎಂಬುದು ನನ್ನ ಮನೆಯವರ ಮಾತು. ಆ ಕೂಸು ಇತ್ತೋ ಇಲ್ಲವೋ, ಇದ್ದರೆ ಬದುಕಿಕೊಂಡಿತೋ ಇಲ್ಲವೋ ಎಂಬುದನ್ನು ಬಿಟ್ಟು ಬೇರೇನನ್ನೂ ನಾನಿಲ್ಲಿ ಬರೆಯಲು ಹೊರಟಿಲ್ಲ.

ನೆನಪು ದೊಡ್ಡದಲ್ಲ. ನನಗಾಗ ಐದೋ ಆರೋ ವರ್ಷ. ಒಳಮನೆಯ ತೊಲೆಗೆ ಕರಿ ಕಂಬಳಿಯೊಂದನ್ನು ಜೋಳಿಗೆಯಂತೆ ಕಟ್ಟಿದ್ದಾರೆ. ಮರದ ತೊಟ್ಟಿಲು ಪಕ್ಕದಲ್ಲೇ ಇದೆ, ಆದರೆ ಖಾಲಿ. ಜೋಳಿಗೆಯಿಂದ ಒಂದು ಸಣ್ಣ ಕೈ ಹೊರಗೆ ಬಂದು ನನ್ನ ಬೆರಳು ಹಿಡಿದುಕೊಂಡಿದೆ. ಕೋಣೆಯ ತುಂಬ ಉಣ್ಣೆಯ ವಾಸನೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾಳೆ. ಹೊರಗೆ ಹುಣಸೆಮರದ ಕೆಳಗೆ ಎತ್ತರದ ಒಬ್ಬ ಗಂಡಸು ಹೆಗಲ ಮೇಲೆ ಮರಿ ಹೊತ್ತು ನಿಂತಿದ್ದಾನೆ. ಅವನು ಒಳಗೆ ಬರುವುದಿಲ್ಲ. ಇಷ್ಟೇ.

ಇದನ್ನು ಹೇಳಿದಾಗಲೆಲ್ಲ ಅಕ್ಕ ಒಂದೇ ಉತ್ತರ ಕೊಡುತ್ತಿದ್ದಳು. "ಆ ವರ್ಷ ನಿಂಗೆ ಜ್ವರ ಬಂದಿತ್ತು ಕಣೋ. ಏನೇನೋ ಬಡಬಡಿಸ್ತಿದ್ದೆ. ಕುರಿ ಅಂತಿದ್ದೆ, ಕೂಸು ಅಂತಿದ್ದೆ." ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳು ಹೇಳಿದ ಮೇಲೆ ಮುಗಿಯಿತು. ಅಜ್ಜಿಯನ್ನು ಕೇಳಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು. ಅಪ್ಪ ಅಜ್ಜಿಯನ್ನು ನೋಡುತ್ತಿದ್ದ.

ಕಂಡಿದ್ದನ್ನೂ ನಂಬಬಾರದು ಎಂಬ ಪಾಠವನ್ನು ನಾನು ವಿಶ್ವವಿದ್ಯಾಲಯಕ್ಕೆ ಹೋಗಿ ಕಲಿತೆ ಎಂದು ಸ್ನೇಹಿತರು ತಿಳಿದಿದ್ದರು. ನಿಜವಾಗಿ ಅದನ್ನು ಮನೆಯಲ್ಲೇ ಕಲಿತು ಹೋಗಿದ್ದೆ. ಭೌತಶಾಸ್ತ್ರ ಓದುವಾಗ ನಾನು ಎಲ್ಲರಿಗಿಂತ ಒಂದು ಕೈ ಮುಂದೆ. ದೇವರು, ಶಕುನ, ಪವಾಡ, ಪ್ರೊಫೆಸರರ ಮಾತು, ನನ್ನದೇ ಅಳತೆ, ಯಾವುದನ್ನೂ ಬಿಡುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಊಟಕ್ಕೆ ಕೂತಾಗಲೂ ವಾದ. ಒಂದು ಕಡೆ ನೆಟ್ಟಗೆ ಕೂರುವ ಸ್ವಭಾವವೇ ನನ್ನದಲ್ಲ. ಆದರೂ ಆ ಬೆರಳ ಹಿಡಿತ ಮಾತ್ರ ಯಾವ ವಾದಕ್ಕೂ ಸಡಿಲವಾಗಲಿಲ್ಲ. ಜ್ವರದಲ್ಲಿ ಕಂಡದ್ದು ಎಂದು ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡ ಮೇಲೂ ಬೆರಳು ಬೆಚ್ಚಗಿರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಮಾರ್ಗದರ್ಶಕರು ವಿದೇಶದ ದೊಡ್ಡ ತಟ್ಟೆಯಂಥ ಆಂಟೆನಾದಲ್ಲಿ ಮಾಡಿದ ವೀಕ್ಷಣೆಗಳನ್ನು ಟೇಪುಗಳಲ್ಲಿ ತಂದರು. ಅವನ್ನು ಶುದ್ಧಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೆಲಸದ ಕ್ರಮ ಸರಳ. ಆಂಟೆನಾ ಸ್ವಲ್ಪ ಹೊತ್ತು ಗೆಲಾಕ್ಸಿಯನ್ನು ನೋಡುತ್ತದೆ. ಆಮೇಲೆ ಪಕ್ಕಕ್ಕೆ ಸರಿದು ಅಷ್ಟೇ ಹೊತ್ತು ಏನೂ ಇಲ್ಲದ ಬರಿ ಆಕಾಶವನ್ನು ನೋಡುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಯಂತ್ರದ ಗದ್ದಲವೆಲ್ಲ ಹೋಗಿ ಗೆಲಾಕ್ಸಿಯ ಜಲಜನಕ ಮಾತ್ರ ದಿಬ್ಬದಂತೆ ಎದ್ದು ನಿಲ್ಲುತ್ತದೆ. ದಿಬ್ಬದ ಆಚೀಚೆ ಗೆರೆ ಸೊನ್ನೆಯ ಮೇಲೆ ಮಲಗಿರಬೇಕು.

ಒಂದು ಕುಬ್ಜ ಗೆಲಾಕ್ಸಿಯಲ್ಲಿ ಹಾಗಾಗಲಿಲ್ಲ. ದಿಬ್ಬದ ಪಕ್ಕದಲ್ಲೇ ಗೆರೆ ಸೊನ್ನೆಗಿಂತ ಕೆಳಕ್ಕೆ ಇಳಿದು ಅಗಲವಾದ ತಗ್ಗೊಂದನ್ನು ಮಾಡಿ ಮತ್ತೆ ಮೇಲೆ ಬಂದಿತ್ತು. ಜಲಜನಕ ಇದ್ದರೆ ಇದೆ, ಇಲ್ಲದಿದ್ದರೆ ಸೊನ್ನೆ. ಇಲ್ಲ ಎನ್ನುವುದಕ್ಕಿಂತ ಕಡಿಮೆ ಇರುವುದು ಹೇಗೆ? ಯಂತ್ರದ ದೋಷವಿರಬೇಕು ಎಂದು ನಾನು ಮೊದಲ ಸಲ ಆ ತಗ್ಗಿಗೆ ಹೊಂದುವ ಗೆರೆಯೊಂದನ್ನು ಎಳೆದು ಕಳೆದುಬಿಟ್ಟೆ. ಚಿತ್ರ ಚೊಕ್ಕವಾಯಿತು. ಎರಡನೆಯ ದಿನದ ವೀಕ್ಷಣೆಯಲ್ಲೂ ತಗ್ಗು ಅದೇ ಜಾಗದಲ್ಲಿತ್ತು.

ಮಾರ್ಗದರ್ಶಕರು ಪ್ರಿಂಟರಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಮಿತಭಾಷಿ. "ಗೆಲಾಕ್ಸೀನಲ್ಲಿ ತಪ್ಪು ಹುಡುಕ್ತಿದ್ದೀರಿ ನೀವು," ಅಂದರು. "ಖಾಲಿ ಅಂತ ಪಕ್ಕದಲ್ಲಿ ಯಾವ ಜಾಗ ಇಟ್ಕೊಂಡ್ರು, ಅದನ್ನ ನೋಡಿ. ಅದು ಖಾಲಿ ಇಲ್ಲ."

ನನಗೆ ತಕ್ಷಣ ಅರ್ಥವಾಯಿತು. ಖಾಲಿ ಎಂದುಕೊಂಡ ಆಕಾಶದಲ್ಲೇ ಜಲಜನಕವಿದ್ದರೆ, ಅದನ್ನು ಗೆಲಾಕ್ಸಿಯಿಂದ ಕಳೆದಾಗ ತಗ್ಗು ಬೀಳುತ್ತದೆ. ಆ ಗೆಲಾಕ್ಸಿಯಿಂದ ಎಂದೋ ಎಳೆದುಹೋದ ಬಾಲ ಅಲ್ಲಿ ಬಿದ್ದಿರಬಹುದು. ನಕ್ಷತ್ರವಿಲ್ಲದ ಜಾಗವೆಂದು ಯಾರೋ ಅದನ್ನೇ ಸೊನ್ನೆಯಾಗಿ ಆರಿಸಿದ್ದರು. ಖಾಲಿ ಜಾಗವನ್ನು ಕಳೆದು ಅಳೆಯುವ ನಾವು ಮಾತ್ರ ಮಾಡಬಲ್ಲ ತಪ್ಪು ಅದು.

ಆ ಹಾಳೆಯ ಮುಂದೆ ಕೂತಿದ್ದಾಗ ನನಗೆ ಅವ್ವನ ನೆನಪಾಯಿತು. ನಾನು ಕೂಸಿನ ವಿಷಯ ಕೇಳಿದಾಗ ಅಕ್ಕ ಇಲ್ಲ ಅನ್ನುತ್ತಿದ್ದಳು, ಅಜ್ಜಿ ಇಲ್ಲ ಅನ್ನುತ್ತಿದ್ದಳು. ಅವ್ವ ಎಂದೂ ಇಲ್ಲ ಅಂದಿರಲಿಲ್ಲ. ಮಾಡುತ್ತಿದ್ದ ಕೆಲಸವನ್ನು ಹಾಗೇ ಬಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಅದು ಇಲ್ಲ ಎನ್ನುವುದಕ್ಕಿಂತ ಕಡಿಮೆ. ನಾನು ಇಷ್ಟು ವರ್ಷವೂ ಕೂಸನ್ನೇ ಕೇಳುತ್ತ ಬಂದಿದ್ದೆ. ಪಕ್ಕದ್ದನ್ನು ಕೇಳಿರಲಿಲ್ಲ.

ಅವರೆಕಾಯಿ ಕಾಲದಲ್ಲಿ ಕೊರಟಗೆರೆಗೆ ಹೋದೆ. ಅಜ್ಜಿಯೂ ಅಪ್ಪನೂ ತೀರಿಕೊಂಡ ಮೇಲೆ ಅವ್ವ ಅಕ್ಕನ ಮನೆಯಲ್ಲಿದ್ದಳು. ಅಕ್ಕನ ಮಕ್ಕಳ ಗಲಾಟೆ, ಭಾವನ ಅಂಗಡಿಯ ಮಾತು, ಎಲ್ಲದರ ನಡುವೆ ಹಿತ್ತಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತು ಸುಲಿಯಲು ತೊಡಗಿದೆ.

"ಉಗುರು ಕಪ್ಪಾಯ್ತದೆ. ನಿಂಗ್ಯಾಕೆ ಬುಡು," ಅಂದಳು.

"ಅವ್ವ, ನಮ್ಮ ಹೊಲಕ್ಕೆ ಮಂದೆ ಬರ್ತಿತ್ತಲ್ಲ, ಯಾಕೆ ನಿಂತೋಯ್ತು?"

ಅವಳ ಕೈ ನಿಂತಿತು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ನಿಮ್ಮಜ್ಜಿ ಬ್ಯಾಡ ಅಂದ್ಳು."

"ಗೊಬ್ಬರ ಬೇಡ ಅಂದ್ಳಾ?"

"ಗೊಬ್ರನ ಗಾಡೀಲಿ ಹೊಡ್ಸಿದ್ರಾಯ್ತು ಅಂದ್ಳು. ಕುರಿ ಬ್ಯಾಡ ಅಂದ್ಳು."

"ಯಾವೂರಿನೋರು ಅವ್ರು?"

"ನಾಗಲಮಡಿಕೆ ತಾವ. ಹೊಳೆ ದಾಟಿದ್ರೆ ಆಂಧ್ರ ಅಂತಿದ್ದ. ಹಟ್ಟಿ ಮುಂದೆ ಬಂಡೆ ಐತಂತೆ. ಆನೆ ಮ್ಯಾಲೆ ಮರಿಯಾನೆ ಕುಂತಂಗೆ." ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ ನನ್ನ ಮುಖ ನೋಡದೆ ಕೇಳಿದಳು. "ಆ ಕಡೀಕೆ ಹೋಯ್ತೀಯೇನ್ಲಾ?"

"ಹೋಗು ಅಂದ್ರೆ ಹೋಗ್ತೀನಿ."

"ನಾನ್ಯಾಕೆ ಹೋಗು ಅನ್ಲಿ. ಹೋದ್ರೆ ಕುರಿ ನೋಡ್ಕಂಡು ಬಾ. ಕಿವಿ ನೋಡು."

"ಕಿವೀನಾ?"

"ಕುಯ್ದವ್ರಾ ಇಲ್ವಾ ನೋಡು."

ಅಷ್ಟು ಹೇಳಿ ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ವಯಸ್ಸಾಯಿತು, ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತಿದೆ ಎಂದು ನಾನು ಅಂದುಕೊಂಡೆ.

ಮರುದಿನ ಬೆಳಗ್ಗೆ ನಾಗಲಮಡಿಕೆಗೆ ಹೊರಟಾಗ ಬಸ್‌ಸ್ಟ್ಯಾಂಡಿನವರೆಗೆ ಅಕ್ಕ ಜೊತೆಗೆ ಬಂದಳು. ತರಕಾರಿ ತರುವ ನೆಪ. ದಾರಿಯಲ್ಲಿ ತಟ್ಟನೆ ಹೇಳಿದಳು. "ಅವ್ವನ್ನ ಇನ್ನ ಏನೂ ಕೇಳ್ಬೇಡ. ಅವ್ಳು ಹೇಳಂಗಿಲ್ಲ. ಅಜ್ಜಿ ಅವ್ಳ ಕೈಲಿ ಲಿಂಗ ಮುಟ್ಸಿ ಆಣೆ ಮಾಡ್ಸವ್ಳೆ."

"ಏನಂತ?"

"ಆ ಕೂಸಿನ ಮಾತು ಬಾಯಲ್ಲಿ ಎತ್ತಲ್ಲ ಅಂತ."

ನಾನು ರಸ್ತೆಯ ಮಧ್ಯೆ ನಿಂತುಬಿಟ್ಟೆ. ಹಿಂದಿನಿಂದ ಬಂದ ಎತ್ತಿನ ಗಾಡಿಯವನು ಬೈದ. ಅಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ನಡೆಯುತ್ತಲೇ ಹೇಳಿದಳು. ಆ ವರ್ಷ ಅವ್ವನಿಗೆ ಹುಟ್ಟಿದ ಮಗು ಕೆಲವೇ ದಿನಗಳಲ್ಲಿ ಹೋಯಿತು. ಅದೇ ವಾರ ನಮ್ಮ ಹೊಲದಲ್ಲಿ ಬಿಡಾರ ಹಾಕಿದ್ದ ಕುರಿಯವನ ಹೆಂಡತಿ ಹೆಣ್ಣು ಹೆತ್ತು ಸತ್ತಳು. ಕೂಸು ಅಳುವುದು ಮನೆಯವರೆಗೆ ಕೇಳುತ್ತಿತ್ತು. ಅವ್ವನ ಸೀರೆಯೆಲ್ಲ ಹಾಲಲ್ಲಿ ನೆನೆದುಹೋಗಿತ್ತು. ಅವಳು ಯಾರನ್ನೂ ಕೇಳದೆ ಹೊಲಕ್ಕೆ ಹೋಗಿ ಕೂಸನ್ನು ಎತ್ತಿಕೊಂಡು ಬಂದುಬಿಟ್ಟಳು. ನಮ್ಮದು ಲಿಂಗ ಕಟ್ಟಿದ ಮನೆ, ಅವರದು ಮಾಂಸ ತಿನ್ನುವ ಹಟ್ಟಿ. ಅಜ್ಜಿ ಮೂರು ದಿನ ಉಣ್ಣಲಿಲ್ಲ. ಕೊನೆಗೆ, ಜೀವ ಉಳಿಯಲಿ, ಆದರೆ ಅದು ಹೊರಟ ದಿನದಿಂದ ಈ ಮನೆಯಲ್ಲಿ ಅದರ ಮಾತಿರಬಾರದು ಎಂದಳು. ಅವ್ವ ಒಪ್ಪಿದಳು. ಒಪ್ಪದಿದ್ದರೆ ಕೂಸು ಉಳಿಯುತ್ತಿರಲಿಲ್ಲ. ಗೋಡೆ ಹಿಡಿದು ನಡೆಯುವಷ್ಟಾದಾಗ ಅದರಪ್ಪ ಬಂದು ಕರೆದುಕೊಂಡು ಹೋದ. ಆಮೇಲೆ ಮನೆಗೆ ಸುಣ್ಣ ಹೊಡೆಸಿದರು. ಆ ಮಂದೆ ಮತ್ತೆ ನಮ್ಮ ಹೊಲಕ್ಕೆ ಬರಲಿಲ್ಲ.

"ಮತ್ತೆ ಇಷ್ಟು ವರ್ಷ ನಂಗೆ ಜ್ವರ ಅಂದ್ಯಲ್ಲ!"

"ಅನ್ನು ಅಂದ್ರು, ಅಂದೆ. ಅಂದು ಅಂದು ನಂಗೂ ಅದು ನಿನ್ನ ಜ್ವರದ್ದೇ ಆಗೋಗಿತ್ತು ಕಣೋ. ನಿನ್ನೆ ನೀನು ಮಂದೆ ಅಂದಾಗ್ಲೇ ನಂಗೆ ಎಲ್ಲ ನೆನಪಿಗೆ ಬಂದಿದ್ದು."

"ಈಗ ಬದುಕಿದ್ದಾಳಾ ಆ ಹುಡುಗಿ?"

"ಯಾರಿಗ್ಗೊತ್ತು? ಅವ್ವಂಗೂ ಗೊತ್ತಿಲ್ಲ. ಅದೊಂದೇ ಕೊರಗು ಅವ್ಳಿಗೆ." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗು, ಬಸ್ಸು ಬಂತು."

ಬಸ್ಸಿನಲ್ಲಿ ಕೂತ ಮೇಲೆ ನನಗೆ ಸಂತೋಷವಾಗಬೇಕಿತ್ತು. ನನ್ನ ನೆನಪು ನಿಜವೆಂದಾಯಿತಲ್ಲ. ಆದರೆ ತಲೆಯೊಳಗಿನ ಹುಳ ಸುಮ್ಮನಿರಲಿಲ್ಲ. ಅಕ್ಕನಿಗೆ ನೆನಪು ಬಂದದ್ದು ನಾನು ಕೇಳಿದ ಮೇಲೆ. ಇಷ್ಟು ವರ್ಷ ಅವಳ ಕಿವಿಗೆ ನಾನೇ ತುಂಬಿದ ಕರಿ ಕಂಬಳಿ, ಹುಣಸೆಮರಗಳು ಅವಳ ನೆನಪಾಗಿ ನನಗೇ ವಾಪಸು ಬಂದಿದ್ದರೆ? ಅಳೆಯುವವನ ಗದ್ದಲವೇ ಅಳತೆಯಾಗಿ ಕಾಣಿಸಿಕೊಳ್ಳುವುದನ್ನು ನಾನು ದಿನಾ ನೋಡುತ್ತಿದ್ದೆ. ಮಧುಗಿರಿಯಲ್ಲಿ ಬಸ್ಸು ಬದಲಿಸಿದೆ. ಬೆಟ್ಟ ಕಿಟಕಿಯ ತುಂಬ ಬಂದು ಹಿಂದೆ ಸರಿಯಿತು. ಪಾವಗಡದ ರಸ್ತೆಯುದ್ದಕ್ಕೂ ಪಕ್ಕದಲ್ಲಿ ಕೂತವರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು.

ನಾಗಲಮಡಿಕೆಯಲ್ಲಿ ಇಳಿದು ಆನೆಯಂಥ ಬಂಡೆ ಯಾವ ಹಟ್ಟಿಯ ಮುಂದಿದೆ ಎಂದು ಕೇಳಿದರೆ ಟೀ ಅಂಗಡಿಯವನು ನಕ್ಕ. "ಯಾವ ಹಟ್ಟಿ ಮುಂದೆ ಇಲ್ಲ ಹೇಳಿ ಸಾಮಿ." ಮರಿಯಾನೆ ಕೂತಿರುವುದು ಎಂದಾಗ ಯೋಚಿಸಿ ಒಂದು ದಾರಿ ತೋರಿಸಿದ.

ಸೂರ್ಯ ನೆತ್ತಿಯ ಮೇಲಿದ್ದಾಗ ಹಟ್ಟಿ ಸಿಕ್ಕಿತು. ಸುತ್ತಲೂ ಕಾರೆಮುಳ್ಳಿನ ಬೇಲಿ, ಒಳಗೆ ಕೆಲವು ಗುಡಿಸಲು, ಒಂದೆರಡು ಹೆಂಚಿನ ಮನೆ. ಗಂಡಸರು ಕುರಿಗಳೊಂದಿಗೆ ಹೊರಗೆ ಹೋಗಿದ್ದರು. ಬೇವಿನಮರದ ಕೆಳಗೆ ಒಬ್ಬ ಮುದುಕಿ ಉಣ್ಣೆ ನೂಲುತ್ತಿದ್ದಳು. ಪಕ್ಕದಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡ ನಡುವಯಸ್ಸಿನವನೊಬ್ಬ ಮಲಗಿದ್ದ. ನನ್ನ ಪ್ಯಾಂಟು, ಹೆಗಲ ಚೀಲ ನೋಡಿ ಅವನು ಎದ್ದು ಕೂತ.

"ಮಕ್ಳು ನಿಲ್ಸೋ ಆಪರೇಷನ್ನಿನೋರಾ? ನಂದು ಆಗ್ಲೇ ಆಗೈತೆ ಸಾಮಿ. ನಮ್ಮ ಟಗರಿಗೂ ಆಗೈತೆ."

ಮುದುಕಿ ಅವನ ಕಡೆ ಕಣ್ಣು ಬಿಟ್ಟಳು. "ನೋರು ಮುಯ್ಯರಾ! ಬಾಯಿ ಮುಚ್ಲಾ!" ಆಮೇಲೆ ನನ್ನನ್ನು ಕೇಳಿದಳು. "ಎವರಪ್ಪಾ ನುವ್ವು? ಯಾ ಊರೋನು?"

"ಸಿರಾ ಕಡೆಯೋನು ಅಜ್ಜಿ. ಹುಲಿಕುಂಟೆ ಹತ್ರ."

ಅವಳ ಕೈಯ ಕದಿರು ನಿಂತಿತು. ನಿಂತಿತು ಎಂದೇ ನನ್ನ ನೆನಪು. ಆದರೆ ಹಿಂದಿನ ದಿನವಷ್ಟೇ ಅವ್ವನ ಕೈ ನಿಂತದ್ದನ್ನು ನೋಡಿದ್ದೆ. ನೆನಪಿನಲ್ಲಿ ಒಂದು ಕೈ ಇನ್ನೊಂದರ ಮೇಲೆ ಕೂತಿರಲೂಬಹುದು.

ನಾನು ಎಲ್ಲವನ್ನೂ ಹೇಳಿದೆ. ಹೊಲದಲ್ಲಿ ತೀರಿಕೊಂಡ ಬಾಣಂತಿ, ಹೆಣ್ಣುಕೂಸು, ಹಾಲು ಕೊಟ್ಟ ಅವ್ವ. ಯಾವುದನ್ನೂ ಬೇಡಲು ಬಂದಿಲ್ಲ, ಬದುಕಿದ್ದಾಳೆಯೇ ಎಂದು ತಿಳಿದರೆ ಸಾಕು ಅಂದೆ. ಮುದುಕಿ ಕೇಳುತ್ತ ಕೂತಿದ್ದಳು. ಮುಗಿದ ಮೇಲೆ, "ಮಾಕು ತೆಲೀದಪ್ಪ. ನಮ್ಗೊತ್ತಿಲ್ಲ," ಅಂದಳು. ಕಾಲಿಗೆ ಬಟ್ಟೆ ಸುತ್ತಿಕೊಂಡವನು ಈಗ ನಗುತ್ತಿರಲಿಲ್ಲ. "ದೂರದಿಂದ ಬಂದ್ರಿ. ಈ ಹಟ್ಟೀಲಿ ಅಂಥೋರು ಯಾರೂ ಇಲ್ಲ. ಮಜ್ಜಿಗೆ ಕುಡ್ಕಂಡು ಹೋಗಿ," ಅಂದ. ಹೆಂಗಸೊಬ್ಬಳು ಮಜ್ಜಿಗೆ ತಂದಳು. ನಾನು ಅವಳ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿರಬೇಕು. ಸೆರಗೆಳೆದುಕೊಂಡು ಒಳಗೆ ಹೋದಳು.

ಏಳುವಾಗ ಮುದುಕಿ ಕೇಳಿದಳು. "ಮೀ ಅಮ್ಮ ಉಂದಾ? ನಿಮ್ಮಮ್ಮ ಅವ್ಳಾ?"

"ಇದ್ದಾಳೆ."

"ಚಲ್ಲಗಾ ಉಂಡನೀ. ತಣ್ಣಗಿರ್ಲಿ."

ಯಾರೂ ಯಾರಿಗೂ ಹೇಳುವ ಮಾತು ಅದು. ಅದರಿಂದ ಏನೂ ಸಾಬೀತಾಗುವುದಿಲ್ಲ. ಮಗಳನ್ನು ಕೇಳಿಕೊಂಡು ಬಂದವರೆಂದು ಹೆದರಿದರೋ, ಮುಚ್ಚಿದ್ದನ್ನು ಕೆದಕುವುದು ಬೇಡವೆಂದುಕೊಂಡರೋ, ನಿಜವಾಗಿಯೂ ತಿಳಿಯದೋ, ನನಗೆ ಗೊತ್ತಾಗಲಿಲ್ಲ. ಹಟ್ಟಿಯ ಬಾಗಿಲ ಬಳಿಯ ಕುರಿ ರೊಪ್ಪದ ಮುಂದೆ ಬಂದಾಗ ಅವ್ವನ ಮಾತು ನೆನಪಾಗಿ ಒಮ್ಮೆ ಇಣುಕಿದೆ. ಗುಡ್ಡಕ್ಕೆ ಹೋಗಲಾರದ ಮರಿಗಳನ್ನೂ ಕುಂಟುವ, ಗಬ್ಬದ ಕುರಿಗಳನ್ನೂ ಅಲ್ಲಿ ಕೂಡಿದ್ದರು. ಒಂದರ ಮೇಲೊಂದು ಬಿದ್ದು ನೆರಳಿಗೆ ಒತ್ತಿಕೊಂಡಿದ್ದವು. ಕೆಲವುಗಳ ಕಿವಿಯ ತುದಿ ಕತ್ತರಿಸಿದ್ದರು. ಕೆಲವುಗಳದು ಹಾಗೇ ಇತ್ತು. ನಾಯಿ ಬೊಗಳುತ್ತ ಹತ್ತಿರ ಬಂತು. ಬಸ್ಸು ತಪ್ಪುತ್ತದೆ ಎಂದು ನಾನು ಹೊರಟೆ.

ಕೊರಟಗೆರೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಅವ್ವ ಹಿತ್ತಲ ಬಾಗಿಲಿಗೆ ಕರೆದಳು. ಅಕ್ಕ ಒಲೆಯ ಮುಂದಿದ್ದಳು, ನಮ್ಮ ಕಡೆ ಬೆನ್ನು ಮಾಡಿ.

"ಏನೂ ತಿಳೀಲಿಲ್ಲ ಅವ್ವ. ಅಂಥೋರು ಯಾರೂ ಇಲ್ಲ ಅಂದ್ರು."

"ನಾನು ಅದ್ನ ಕೇಳ್ನಿಲ್ಲ. ಕುರಿ ನೋಡ್ದಾ?"

"ನೋಡ್ದೆ."

"ಕಿವಿ?"

"ಕೆಲವಕ್ಕೆ ಕುಯ್ದಿದ್ರು. ಕೆಲವಕ್ಕೆ ಇಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಕುಯ್ದೆ ಇದ್ದಿದ್ದು ದೊಡ್ಡ ಕುರೀನಾ, ಮರೀನಾ?"

"ಯಾಕವ್ವ?"

"ಮರಿಗೆ ಅವ್ರು ಕಿವಿ ಕುಯ್ಯೋದು ಆಮ್ಯಾಲೆ. ಮರೀದು ಲೆಕ್ಕಕ್ಕಿಲ್ಲ. ದೊಡ್ಡದ್ನ ನೋಡ್ದಾ?"

ಅವಳು ಬಿಡಿಸಿ ಹೇಳಿದಳು, ಕೇವಲ ಕುರಿಯ ಮಾತಾಗಿ. ಒಂದೊಂದು ಮನೆಯವರೂ ತಮ್ಮ ಕುರಿಗೆ ತಮ್ಮದೇ ಗುರುತಿನಲ್ಲಿ ಕಿವಿ ಕುಯ್ಯುತ್ತಾರೆ. ಆ ಕುರಿಯವನು ಹೊರಡುವ ದಿನ ಹುಣಸೆಮರದ ಕೆಳಗೆ ಒಂದು ಹೆಣ್ಣುಮರಿಯನ್ನು ಇಳಿಸಿ, ಇದು ಹಾಲು ಕೊಟ್ಟ ತಾಯಿಯದು ಅಂದನಂತೆ. ಲಿಂಗ ಕಟ್ಟಿದ ಮನೆಯಲ್ಲಿ ಕುರಿ ಕಟ್ಟುವುದೇ ಎಂದು ಅಜ್ಜಿ ಒಪ್ಪಲಿಲ್ಲ. ಹಾಗಾದರೆ ನನ್ನ ಮಂದೆಯಲ್ಲೇ ಇರಲಿ, ಆ ಜೀವ ಇರುವವರೆಗೆ ಈ ಮರಿಯ ಸಾಲಿನ ಯಾವ ಕುರಿಗೂ ಕಿವಿ ಕುಯ್ಯುವುದಿಲ್ಲ, ಅವು ನನ್ನವಲ್ಲ ಎಂದು ಮಾತು ಕೊಟ್ಟು ಹೋದನಂತೆ.

"ಯಾವ ಜೀವ, ಅವ್ವ?"

"ನೀನು ಕುರಿ ಮಾತು ಕೇಳ್ದೆ. ನಾನು ಕುರಿ ಮಾತು ಹೇಳ್ದೆ." ಅವಳ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದಿತ್ತು. "ದೊ‌ಡ್ಡದಾ ಮರೀನಾ, ಹೇಳ್ಲಾ."

ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಒಂದು ಕುರಿ ಬಂದು ನಿಂತಿತು. ರೊಪ್ಪದ ಮೂಲೆಯಲ್ಲಿ, ಮರಿಗಳಿಗಿಂತ ಎತ್ತರವಾಗಿ, ಕಂದು ಬಣ್ಣದ್ದು, ಉದ್ದನೆಯ ಇಡೀ ಕಿವಿಗಳನ್ನು ಇಳಿಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

"ದೊಡ್ಡದು ಅವ್ವ," ಅಂದೆ. "ಮೂಲೇಲಿತ್ತು. ಎರಡು ಕಿವೀನೂ ಇಡಿಯಾಗಿತ್ತು."

ಅವ್ವ ನಿಧಾನಕ್ಕೆ ಹೊಸ್ತಿಲ ಮೇಲೆ ಕೂತಳು. ಒಲೆಯ ಮುಂದೆ ಅಕ್ಕ ಊದುಗೊಳವೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅವ್ವ ಅಕ್ಕನಿಗೆ, "ಇವ್ನಿಗೆ ಬಿಸಿನೀರು ಕಾಯ್ಸೇ, ದೂಳೆಲ್ಲ ಹಂಗೇ ಐತೆ," ಅಂದಳು. ಅವಳ ಧ್ವನಿಯನ್ನು ನಾನು ಅಷ್ಟು ಹಗುರವಾಗಿ ಎಂದೂ ಕೇಳಿರಲಿಲ್ಲ. ಆ ರಾತ್ರಿಯ ಅವರೆಕಾಳು ಸಾರಿಗೆ ಅವಳೇ ಒಗ್ಗರಣೆ ಹಾಕಿದಳು. ಭಾವ ಎರಡು ಸಲ ಹಾಕಿಸಿಕೊಂಡು, ಅತ್ತೆಮ್ಮ ಇವತ್ತು ಏನು ಹಬ್ಬ ಎಂದು ಕೇಳಿದರು.

ಮುಂದಿನ ವರ್ಷ ಆ ಖಾಲಿ ಜಾಗದತ್ತ ಆಂಟೆನಾ ತಿರುಗಿಸಿ ನೋಡಲು ಅವಕಾಶ ಸಿಕ್ಕಿತು. ಜಲಜನಕ ಇತ್ತು. ಒಂದೂ ನಕ್ಷತ್ರವಿಲ್ಲದ ಕಡೆ, ಗೆಲಾಕ್ಸಿಯಿಂದ ಹೊರಟು ದೂರ ಹೋಗುತ್ತ ಹೋಗುತ್ತ ತೆಳುವಾಗುವ ಪಟ್ಟಿಯಾಗಿ ಹರಡಿತ್ತು. ಯಾವುದೋ ಒಂದು ಹತ್ತಿರ ಬಂದು ಹೋಗಿದೆ. ಅದು ಯಾವುದು, ಈಗ ಎಲ್ಲಿದೆ ಎಂದು ಹೇಳಲು ಆ ಪಟ್ಟಿಗೆ ಆಗುವುದಿಲ್ಲ. ಮಾರ್ಗದರ್ಶಕರ ಜೊತೆ ಬರೆದ ಪ್ರಬಂಧದ ಕೊನೆಗೆ, ಹಿಂದೆ ಒಂದು ಸಮಾಗಮ ನಡೆದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಸಾಲು ಸೇರಿಸಿದೆವು. ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ನಮಗಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ನಾನು ಅದಕ್ಕಿಂತ ಹೆಚ್ಚು ಹೇಳಿದ್ದೆ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸುವುದಿಲ್ಲ. ಕಂಡಿದ್ದನ್ನೇ ಹೇಳಿದೆ. ಆದರೆ ಕಂಡದ್ದು ರೊಪ್ಪದಲ್ಲೋ, ಅವ್ವನ ಮುಖದಲ್ಲೋ? ಅವಳು ಕೇಳುವ ಮೊದಲು ಆ ಕುರಿ ನನ್ನ ತಲೆಯಲ್ಲಿತ್ತೇ? ಬಸ್ಸಿನ ದಾರಿಯುದ್ದಕ್ಕೂ ಒಮ್ಮೆಯೂ ನಾನು ಅದನ್ನು ನೆನೆದಿರಲಿಲ್ಲ. ಆಮೇಲೆ ಮಾತ್ರ ಅದು ವರ್ಷದಿಂದ ವರ್ಷಕ್ಕೆ ಸ್ಪಷ್ಟವಾಗುತ್ತ ಬಂದಿದೆ. ಈಗ ಅದರ ಕುತ್ತಿಗೆಯ ಸುತ್ತ ಒಂದು ಕರಿ ದಾರವೂ ಕಾಣುತ್ತದೆ. ನಿಜವಾಗಿ ಕಂಡದ್ದು ಹೀಗೆ ಬೆಳೆಯುವುದಿಲ್ಲ, ಸವೆಯುತ್ತದೆ.

ಮತ್ತೊಮ್ಮೆ ಹೋಗಿ ನೋಡಬಹುದಿತ್ತು ಎಂದು ಯಾರಾದರೂ ಕೇಳಬಹುದು. ಅವ್ವ ಬದುಕಿರುವವರೆಗೆ ನನಗೆ ಧೈರ್ಯವಾಗಲಿಲ್ಲ. ಹೋಗಿ, ಎಲ್ಲ ದೊಡ್ಡ ಕುರಿಗಳ ಕಿವಿಯೂ ಕುಯ್ದಿದ್ದರೆ, ಕೂಸು ಉಳಿದಿಲ್ಲವೆಂದು ಬಂದು ಹೇಗೆ ಹೇಳಲಿ? ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವ್ವ ಹೋದಳು. ಆಣೆ ಮುರಿಯಲಿಲ್ಲ. ಸಿರಾ ಕಡೆಯಿಂದ ಯಾರು ಬಂದರೂ, ಈ ವರ್ಷ ಮಂದೆ ಬಂದವಂತಾ, ಚೆನ್ನಾಗವಂತಾ ಎಂದು ಮಾತ್ರ ವಿಚಾರಿಸುತ್ತಿದ್ದಳು. ಬಂದವರು ಕುರಿಯ ವಿಷಯ ಹೇಳುತ್ತಿದ್ದರು.

ಅವಳ ತಿಥಿ ಮುಗಿಸಿಕೊಂಡು ಮಧುಗಿರಿಯ ಮೇಲೆ ಊರಿಗೆ ಹೋಗುತ್ತಿದ್ದಾಗ ರಸ್ತೆಗೆ ಅಡ್ಡವಾಗಿ ಮಂದೆ ಬಂದು ಬಸ್ಸು ನಿಂತಿತು. ಡ್ರೈವರ್ ಹಾರನ್ ಒತ್ತುತ್ತಿದ್ದ. ದೂಳಿನಲ್ಲಿ ಬೆನ್ನುಗಳು ಮಾತ್ರ ಹರಿದುಹೋಗುತ್ತಿದ್ದವು. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕಿವಿಗಳನ್ನು ನೋಡುತ್ತಿದ್ದೆ. ಕುಯ್ದದ್ದು, ಕುಯ್ದದ್ದು, ಕುಯ್ದದ್ದು. ನಡುವೆ ಇಡೀ ಕಿವಿಯದೊಂದು ಬಂತು. ದೊಡ್ಡದೋ ಮರಿಯೋ ಎಂದು ತಿಳಿಯುವಷ್ಟರಲ್ಲಿ ಬೇರೆಯವು ಅದನ್ನು ಮುಚ್ಚಿಕೊಂಡವು. ಮಂದೆಯ ಹಿಂದೆ ತಲೆಗೆ ಕಂಬಳಿ ಹಾಕಿಕೊಂಡು ಒಬ್ಬ ಹೆಂಗಸು ನಡೆಯುತ್ತಿದ್ದಳು. ಬಸ್ಸು ಹೊರಟಿತು.